ದಂಡ ಹಾಕಿದವರು ಯಾರು, ಯಾವ ಅಧಿಕಾರದಿಂದ?

ದೆಹಲಿಯಲ್ಲೂ ಅದರ ಸುತ್ತಲಿನ ನೊಯ್ಡಾ, ಗಾಜಿಯಾಬಾದ್, ಗುರುಗ್ರಾಮ, ಫರೀದಾಬಾದ್‌ಗಳಲ್ಲೂ ಮನೆ ಮಾಡಿಕೊಂಡಿರುವವರ ಕಾರಿಗೆ ಎರಡು ದಾರಿಯಿಂದ ದಂಡ ಬರುತ್ತದೆ. ಒಂದು, ಮೊಬೈಲಿಗೆ ಬರುವ ಸಂದೇಶ: ಇಂಥ ದಿನ, ಇಷ್ಟು ಗಂಟೆಗೆ, ಇಂಥ ಬ್ಲಾಕಿನ ಎದುರು ವಾಹನ ತಪ್ಪಾಗಿ ನಿಂತಿತ್ತು, ಚಲನ್ ಆಗಿದೆ. ಇನ್ನೊಂದು, ಬೆಳಿಗ್ಗೆ ಕಚೇರಿಗೆ ಹೊರಟಾಗ ಕಣ್ಣಿಗೆ ಬೀಳುವಂಥದ್ದು: ಮುಂಗಾಜಿನ ಮೇಲೆ ಗಟ್ಟಿ ಗೋಂದಿನಿಂದ ಮೆತ್ತಿದ ಚೀಟಿ, ಕೆಲವೊಮ್ಮೆ ಚಕ್ರಕ್ಕೆ ಬೀಗ, ಪಕ್ಕದಲ್ಲಿ ರಸೀದಿ ಪುಸ್ತಕ ಹಿಡಿದು ನಿಂತ ಗಾರ್ಡ್. ಮೊದಲನೆಯದನ್ನು ಕಳಿಸಿದ್ದು ಸರ್ಕಾರ. ಎರಡನೆಯದನ್ನು ಅಂಟಿಸಿದ್ದು ಸೊಸೈಟಿಯ ಕಮಿಟಿ, ಇಲ್ಲವೇ ಬಡಾವಣೆಯ ನಿವಾಸಿಗಳ ಸಂಘವಾದ ಆರ್‌ಡಬ್ಲ್ಯುಎ. ಬಹಳ ಜನ ಎರಡಕ್ಕೂ ಒಂದೇ ರೀತಿ ಹೆದರುತ್ತಾರೆ. ರಗಳೆ ಬೇಡವೆಂದು ಎರಡನ್ನೂ ಕಟ್ಟಿ ಕೈತೊಳೆದುಕೊಳ್ಳುತ್ತಾರೆ.

ಆದರೆ ಕಾನೂನಿನ ಎದುರು ಇವೆರಡೂ ಒಂದೇ ಅಲ್ಲ. ದಂಡದ ವಿರುದ್ಧ ಮನವಿ ಮಾಡಬೇಕೆಂದಿರುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಮೊತ್ತವನ್ನಲ್ಲ. ಕಾರು ನಿಂತ ನೆಲ ಯಾರದು, ದಂಡ ಹಾಕಿದವರಿಗೆ ಆ ಅಧಿಕಾರ ಕೊಟ್ಟವರು ಯಾರು? ಈ ಎರಡು ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವ ಬಾಗಿಲು ತಟ್ಟಬೇಕೆಂಬುದು ತಾನಾಗಿ ಗೊತ್ತಾಗುತ್ತದೆ.

ಇದು ಸಣ್ಣ ವಿಷಯವೆಂದು ತಳ್ಳಿಹಾಕುವಂತಿಲ್ಲ. 2025ರ ಆಗಸ್ಟ್‌ನಲ್ಲಿ ದಕ್ಷಿಣ ದೆಹಲಿಯ ಜಂಗ್‌ಪುರದಲ್ಲಿ ಮನೆಯ ಗೇಟಿನ ಮುಂದೆ ಸ್ಕೂಟರ್ ನಿಲ್ಲಿಸಿದ ಜಗಳ ಒಂದು ಕೊಲೆಯಲ್ಲಿ ಮುಗಿಯಿತು. ನೆರೆಹೊರೆಯವರ ನಡುವಿನ ವಾಹನದ ತಕರಾರು ಈ ಮಟ್ಟಕ್ಕೆ ಹೋಗುವ ಊರಿನಲ್ಲಿ, ದೂರನ್ನು ಶಾಂತವಾಗಿ ಕೇಳಿ ತೀರ್ಮಾನಿಸುವ ಒಂದು ಜಾಗ ಇರಲೇಬೇಕು. ಅದು ಎಲ್ಲಿದೆ ಎಂಬುದು ಸಾಮಾನ್ಯರಿಗೆ ತಿಳಿದಿರಲೇಬೇಕು.

ಜಾಗದ ಅಭಾವ ಎಷ್ಟೆಂದು ತಿಳಿಯಲು ದೆಹಲಿಯ ನಗರ ಯೋಜನೆಯ ಲೆಕ್ಕವನ್ನೇ ನೋಡಬಹುದು. 2007ರಲ್ಲಿ ಜಾರಿಗೆ ಬಂದ ‘ಮಾಸ್ಟರ್ ಪ್ಲಾನ್ 2021’ ಒಂದು ಕಾರಿಗೆ ಬಯಲಿನಲ್ಲಾದರೆ 23 ಚದರ ಮೀಟರ್, ಸ್ಟಿಲ್ಟ್‌ನಲ್ಲಾದರೆ 28, ನೆಲಮಾಳಿಗೆಯಲ್ಲಾದರೆ 32 ಚದರ ಮೀಟರ್ ಬೇಕೆಂದು ಹೇಳುತ್ತದೆ. ತಿರುಗಿಸಲು, ಹೊರಗೆಳೆಯಲು ಬೇಕಾದ ಜಾಗವೂ ಇದರಲ್ಲಿ ಸೇರಿದೆ. ಮನೆಯ ಕೆಳಗೆ ಕಂಬಗಳ ಮೇಲೆ ಸ್ಟಿಲ್ಟ್ ಬಿಟ್ಟು ಕಟ್ಟುವವರಿಗೆ 15 ಮೀಟರ್ ಬದಲು 17.5 ಮೀಟರ್ ಎತ್ತರ ಕಟ್ಟಲು ಅದೇ ಯೋಜನೆ ಅವಕಾಶ ಕೊಟ್ಟಿತು. ಎತ್ತರವನ್ನು ಎಲ್ಲರೂ ಬಳಸಿಕೊಂಡರು. ಸ್ಟಿಲ್ಟ್ ಮಾತ್ರ ಅನೇಕ ಕಡೆ ಕಾವಲುಗಾರನ ಕೋಣೆಯಾಯಿತು, ಉಗ್ರಾಣವಾಯಿತು, ಅಂಗಡಿಯೂ ಆಯಿತು. ಕಾರು ಬೀದಿಗೆ ಬಂತು. ಬೀದಿಗೆ ಬಂದ ಕಾರಿನ ಹಿಂದೆಯೇ ದಂಡವೂ ಬಂತು.

ಮೊದಲು ಪೊಲೀಸ್ ಚಲನ್‌ನ ವಿಷಯ.

ಬಡಾವಣೆಯ ಒಳರಸ್ತೆಗೆ ಸಂಘದವರು ಗೇಟು ಹಾಕಿ, ರಾತ್ರಿ ಬೀಗ ಹಾಕಿ, ಕಾವಲಿಟ್ಟ ಮಾತ್ರಕ್ಕೆ ಅದು ಖಾಸಗಿ ನೆಲ ಆಗುವುದಿಲ್ಲ. ದೆಹಲಿಯ ಹೆಚ್ಚಿನ ಕಾಲೊನಿಗಳ ಒಳರಸ್ತೆಗಳು ಮಹಾನಗರ ಪಾಲಿಕೆಯವು. ಅಗಲವಾದ ರಸ್ತೆಗಳು ಲೋಕೋಪಯೋಗಿ ಇಲಾಖೆಯವು. 1988ರ ಮೋಟಾರು ವಾಹನ ಕಾಯ್ದೆ ‘ಸಾರ್ವಜನಿಕ ಸ್ಥಳ’ ಎಂದರೆ ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ರಸ್ತೆ, ಬೀದಿ, ದಾರಿ ಅಥವಾ ಇತರ ಸ್ಥಳ ಎನ್ನುತ್ತದೆ. ಅಲ್ಲಿ ಅಪಾಯವಾಗುವಂತೆ, ಅಡ್ಡಿಯಾಗುವಂತೆ ವಾಹನ ಬಿಟ್ಟು ಹೋಗುವುದನ್ನು ಕಾಯ್ದೆಯ 122ನೇ ಕಲಂ ನಿಷೇಧಿಸುತ್ತದೆ. 177ನೇ ಕಲಂ ಪ್ರಕಾರ ಸಾಮಾನ್ಯ ದಂಡ 2019ರ ತಿದ್ದುಪಡಿಯ ಬಳಿಕ ಮೊದಲ ಬಾರಿಗೆ 500 ರೂಪಾಯಿ, ಮತ್ತೆ ತಪ್ಪಿದರೆ 1500. ವಾಹನ ನಿಲುಗಡೆ ನಿಷೇಧವಿರುವ ಕಡೆಯಿಂದ ಅದನ್ನು ಎಳೆದೊಯ್ಯುವ ಅಧಿಕಾರ 127ನೇ ಕಲಂನಲ್ಲಿದೆ. ಆದರೆ ಅದು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿಗೆ ಕೊಟ್ಟ ಅಧಿಕಾರ, ಆರ್‌ಡಬ್ಲ್ಯುಎ ಅಧ್ಯಕ್ಷರಿಗೆ ಕೊಟ್ಟದ್ದಲ್ಲ.

ಸಾರ್ವಜನಿಕರ ಪ್ರವೇಶವೇ ಇಲ್ಲದ ನೆಲ ಇದಕ್ಕಿಂತ ಬೇರೆ. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಒಂದು ಪ್ರಕರಣವನ್ನು ತೀರ್ಮಾನಿಸಿತು. ಕಾಂಪೌಂಡಿನೊಳಗಿನ ಸಾಗಣೆ ಅಂಗಳದಲ್ಲಷ್ಟೇ ಓಡುತ್ತಿದ್ದ ಲಾರಿಗಳಿಗೆ ವಾಹನ ತೆರಿಗೆ ಕೇಳಲಾಗಿತ್ತು. ಗೋಡೆ ಕಟ್ಟಿ, ಅನುಮತಿಯಿಲ್ಲದೆ ಯಾರನ್ನೂ ಬಿಡದ ಆ ಅಂಗಳ ಸಾರ್ವಜನಿಕ ಸ್ಥಳವಲ್ಲ, ತೆರಿಗೆ ಸಲ್ಲದು ಎಂದಿತು ನ್ಯಾಯಾಲಯ. ಅದು ತೆರಿಗೆಯ ಪ್ರಕರಣ, ಪಾರ್ಕಿಂಗಿನದ್ದಲ್ಲ. ಆದರೂ ಗೇಟಿನೊಳಗಿನ ಖಾಸಗಿ ನೆಲಮಾಳಿಗೆಯಲ್ಲಿ ನಿಂತ ಕಾರಿಗೆ ರಸ್ತೆಯ ಕಾನೂನಿನಡಿ ಚಲನ್ ಬಂದರೆ ವಾದ ಎಲ್ಲಿಂದ ಶುರುವಾಗಬೇಕೆಂಬುದನ್ನು ಇದು ತೋರಿಸುತ್ತದೆ.

ಈಗ ಚಲನ್‌ಗೆ ಪೊಲೀಸರು ಖುದ್ದಾಗಿ ಬರಬೇಕೆಂದೂ ಇಲ್ಲ. ದೆಹಲಿ ಸಂಚಾರ ಪೊಲೀಸರು 2024ರ ಸೆಪ್ಟೆಂಬರ್‌ನಲ್ಲಿ ಹೊಸ ರೂಪದಲ್ಲಿ ತಂದ ‘ಟ್ರಾಫಿಕ್ ಪ್ರಹರಿ’ ಆ್ಯಪ್‌ನಲ್ಲಿ ಯಾವ ನಾಗರಿಕರಾದರೂ ತಪ್ಪು ಪಾರ್ಕಿಂಗಿನ ಚಿತ್ರ ಕಳಿಸಬಹುದು. ಹೆಚ್ಚು ದೂರು ಕಳಿಸಿದವರಿಗೆ ತಿಂಗಳಿಗೆ 50,000 ರೂಪಾಯಿವರೆಗೆ ಬಹುಮಾನವೂ ಇದೆ. ಎದುರು ಮನೆಯವರು ಬಾಲ್ಕನಿಯಿಂದ ತೆಗೆದ ಚಿತ್ರವೇ ಚಲನ್‌ಗೆ ದಾರಿಯಾಗಬಹುದು. ಆದ್ದರಿಂದ ಚಲನ್ ಬಂದ ಕೂಡಲೇ ಆ ಚಿತ್ರವನ್ನು ತೆರೆದು ನೋಡುವುದು ಮೊದಲ ಕೆಲಸ. ನಂಬರ್ ಪ್ಲೇಟ್ ಸರಿಯಾಗಿ ಓದಿದ್ದಾರೆಯೇ? ಕಾರಿನ ಬಣ್ಣ, ಮಾದರಿ ತಮ್ಮದೇ ಹೌದೇ? ಪಾರ್ಕಿಂಗ್ ನಿಷೇಧದ ಫಲಕ ಅಥವಾ ಗೇಟು, ತಿರುವು, ಪಾದಚಾರಿ ಮಾರ್ಗ ಚಿತ್ರದಲ್ಲಿ ಕಾಣುತ್ತದೆಯೇ? ಬರೀ ಕಾರು ಕಾಣುವ ಚಿತ್ರ ಅಪರಾಧವನ್ನು ತೋರಿಸುವುದಿಲ್ಲ. ಕಾರು ಎಲ್ಲಿ, ಯಾವುದಕ್ಕೆ ಅಡ್ಡವಾಗಿ ನಿಂತಿತ್ತು ಎಂಬುದು ಕಾಣಬೇಕು.

ಕ್ಯಾಮೆರಾ ಮತ್ತು ಇತರ ಎಲೆಕ್ಟ್ರಾನಿಕ್ ಸಾಧನಗಳ ಮೂಲಕ ಹಾಕುವ ದಂಡಕ್ಕೆಂದೇ ಕೇಂದ್ರ ಸರ್ಕಾರ 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬ ನಿಯಮ ಸೇರಿಸಿತು. ತಪ್ಪು ನಡೆದ 15 ದಿನಗಳೊಳಗೆ ನೋಟಿಸ್ ಕಳಿಸಬೇಕು, ನೋಟಿಸಿನಲ್ಲಿ ಸ್ಥಳ, ದಿನ, ಸಮಯ, ಮುರಿದ ಕಾನೂನಿನ ಕಲಂ ಇರಬೇಕು, ಪ್ರಕರಣ ಮುಗಿಯುವವರೆಗೆ ದಾಖಲೆಯನ್ನು ಉಳಿಸಿಡಬೇಕು ಎಂದು ಆ ನಿಯಮ ಹೇಳಿತು. ದಂಡವಷ್ಟೇ ಶಿಕ್ಷೆಯಾಗಿರುವ ಅಪರಾಧಗಳನ್ನು ನ್ಯಾಯಾಲಯ 6 ತಿಂಗಳೊಳಗೆ ವಿಚಾರಣೆಗೆ ಎತ್ತಿಕೊಳ್ಳಬೇಕೆಂಬ ಮಿತಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿತ್ತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಂನಲ್ಲೂ ಅದು ಉಳಿದಿದೆ. ತಕ್ಕ ಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಆದರೂ ಎರಡು ವರ್ಷದ ಹಿಂದಿನ ಪಾರ್ಕಿಂಗ್ ಚಲನ್ ಈಗ ತಾನೇ ಕೋರ್ಟಿಗೆ ಬಂದಿದ್ದರೆ ಈ ಪ್ರಶ್ನೆಯನ್ನು ಎತ್ತಲೇಬೇಕು.

ಎತ್ತುವುದು ಎಲ್ಲಿ? ತಪ್ಪು ಕಣ್ಣಿಗೆ ಕಾಣುವಂತಿದ್ದರೆ, ಅಂದರೆ ಬೇರೆಯವರ ಕಾರಿನ ಚಿತ್ರ, ಕದ್ದ ಅಥವಾ ನಕಲಿ ನಂಬರ್ ಪ್ಲೇಟ್, ಮಾರಿಬಿಟ್ಟ ವಾಹನ ಇಂಥವಾದರೆ, ಪರಿವಹನ್ ಜಾಲತಾಣದ ಇ-ಚಲನ್ ವಿಭಾಗದ ಕುಂದುಕೊರತೆ ಪುಟದಲ್ಲಿ ದೂರು ದಾಖಲಿಸಬೇಕು. ಸಂಚಾರ ಪೊಲೀಸರಿಗೂ ಬರೆಯಬೇಕು. ವಾದ ಮಾಡಿ ಗೆಲ್ಲಬೇಕಾದ ವಿಷಯವಾದರೆ ನ್ಯಾಯಾಲಯವೇ ದಾರಿ. ದೆಹಲಿಯಲ್ಲಿ 2019ರ ಜುಲೈನಲ್ಲಿ ಸಂಚಾರ ಚಲನ್‌ಗಳಿಗೆಂದು ವರ್ಚುವಲ್ ಕೋರ್ಟ್ ಆರಂಭವಾಯಿತು. ಮರುತಿಂಗಳೇ ಫರೀದಾಬಾದ್‌ನಲ್ಲಿ ಇಡೀ ಹರಿಯಾಣಕ್ಕೆ ಒಂದು ಆರಂಭವಾಯಿತು. ಮನೆಯಲ್ಲೇ ಕುಳಿತು ವಾಹನದ ಸಂಖ್ಯೆ ಹಾಕಿದರೆ ಪ್ರಕರಣ ತೆರೆಯುತ್ತದೆ, ಕೆಳಗೆ ಎರಡು ಆಯ್ಕೆ ಇರುತ್ತವೆ: ಸೂಚಿಸಿದ ದಂಡ ಕಟ್ಟುತ್ತೇನೆ, ಅಥವಾ ಪ್ರಕರಣವನ್ನು ಪ್ರಶ್ನಿಸುತ್ತೇನೆ. ಎರಡನೆಯದನ್ನು ಒತ್ತಿದರೆ ಪ್ರಕರಣ ಮಾಮೂಲಿ ನ್ಯಾಯಾಲಯಕ್ಕೆ ಹೋಗುತ್ತದೆ. ಆಗ ಚಲನ್ ಹಾಕಿದವರು ಸಾಕ್ಷ್ಯ ತೋರಿಸಬೇಕು.

ಬಹಳ ಜನ ಕಾಯುವುದು ಲೋಕ ಅದಾಲತ್‌ಗಾಗಿ. ಅದು ಒಳ್ಳೆಯ ವ್ಯವಸ್ಥೆ. ತೀಸ್ ಹಜಾರಿ, ಪಟಿಯಾಲಾ ಹೌಸ್, ಸಾಕೇತ್, ದ್ವಾರಕಾ, ರೋಹಿಣಿ, ಕಡ್‌ಕಡ್‌ಡೂಮಾ ನ್ಯಾಯಾಲಯಗಳ ಅಂಗಳದಲ್ಲಿ ಅಂದು ಉದ್ದನೆಯ ಸಾಲು ನಿಲ್ಲುತ್ತದೆ, ದಂಡ ಕಡಿಮೆಯಾಗಿ ಕಡತ ಮುಚ್ಚುತ್ತದೆ. ಆದರೆ ಅಲ್ಲಿ ನಡೆಯುವುದು ರಾಜಿ. ತಪ್ಪೇ ಮಾಡಿಲ್ಲ ಎನ್ನುವವರು ಅಲ್ಲಿಗೆ ಹೋಗಿ ಅರ್ಧ ದಂಡ ಕಟ್ಟಿ ಬಂದರೆ, ಮಾಡದ ತಪ್ಪಿಗೆ ಅರ್ಧ ಬೆಲೆ ತೆತ್ತಂತೆಯೇ ಸರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಲ್ಲಿನ ತೀರ್ಪಿಗೆ ಮೇಲ್ಮನವಿಯೂ ಇಲ್ಲ. ಬೆಂಗಳೂರಿನಲ್ಲಿ 2023ರ ಫೆಬ್ರುವರಿಯಲ್ಲಿ ಬಾಕಿ ದಂಡಕ್ಕೆ ಶೇಕಡ 50 ರಿಯಾಯಿತಿ ಘೋಷಿಸಿದಾಗ ಜನ ಮುಗಿಬಿದ್ದು ಕಟ್ಟಿದ್ದು ನಮ್ಮವರಿಗೆ ನೆನಪಿದೆ. ರಿಯಾಯಿತಿ ಬೇರೆ, ನ್ಯಾಯ ಬೇರೆ. ನೊಯ್ಡಾ, ಗಾಜಿಯಾಬಾದ್‌ನವರು ಇನ್ನೊಂದನ್ನೂ ಗಮನಿಸಬೇಕು: 2017ರಿಂದ 2021ರ ಕೊನೆಯವರೆಗೆ ನ್ಯಾಯಾಲಯಗಳಲ್ಲಿ ಬಾಕಿಯಿದ್ದ ಸಂಚಾರ ಚಲನ್‌ಗಳನ್ನು ಉತ್ತರ ಪ್ರದೇಶ ಸರ್ಕಾರ 2023ರಲ್ಲಿ ಕೈಬಿಟ್ಟಿತು. ಅಂಥ ಹಳೆಯ ಚಲನ್‌ಗೆ ಯಾರಾದರೂ ದುಡ್ಡು ಕೇಳಿದರೆ ಕಟ್ಟುವ ಮುನ್ನ ವಿಚಾರಿಸುವುದು ಒಳಿತು.

ಇನ್ನು ಗಾಜಿಗೆ ಅಂಟಿಸಿದ ಚೀಟಿಯ ವಿಷಯ. ಅನ್ಯಾಯ ಹೆಚ್ಚು ನಡೆಯುವುದೂ ಜನ ಸುಮ್ಮನಿರುವುದೂ ಇಲ್ಲೇ.

ಪಾಲಿಕೆಯ ರಸ್ತೆಯಲ್ಲಿ ಆರ್‌ಡಬ್ಲ್ಯುಎ ದಂಡ ವಸೂಲಿ ಮಾಡುವಂತಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ 1985ರಿಂದ ನಡೆದುಬಂದ ಎಂ.ಸಿ. ಮೆಹ್ತಾ ಪ್ರಕರಣದಲ್ಲಿ ದೆಹಲಿಯ ಪಾರ್ಕಿಂಗ್ ನಿಯಮಗಳನ್ನು ಬೇಗ ಜಾರಿಗೆ ತರಲು ಹೇಳಿತು. ವಸತಿ ಪ್ರದೇಶದ ಪಾದಚಾರಿ ಮಾರ್ಗಗಳಲ್ಲಿ ವಾಹನ ನಿಲ್ಲಿಸಬಾರದೆಂದೂ ಹೇಳಿತು. ಅದೇ ತಿಂಗಳು ದೆಹಲಿ ಸರ್ಕಾರ ನಿಯಮಗಳನ್ನು ಹೊರಡಿಸಿತು. ಪ್ರದೇಶವಾರು ಪಾರ್ಕಿಂಗ್ ಯೋಜನೆ ಮಾಡುವ ಹೊಣೆ ಸ್ಥಳೀಯ ಸಂಸ್ಥೆಯದು, ನಿವಾಸಿಗಳ ಸಂಘವನ್ನು ಕೇಳಿಕೊಂಡು ಮಾಡಬೇಕು. ಲಜಪತ್ ನಗರದಲ್ಲಿ ಇದರ ಪ್ರಯೋಗ ನಡೆಯಿತು. ಹೀಗಾಗಿ ಸಂಘಕ್ಕೆ ಸಲಹೆ ಕೊಡುವ ಸ್ಥಾನವಿದೆ, ದೂರು ಕೊಡುವ ಹಕ್ಕಿದೆ. ದಂಡ ವಿಧಿಸುವ ಅಧಿಕಾರ ಇಲ್ಲ. ‘ಇದು ನಮ್ಮ ಬ್ಲಾಕಿನವರ ಜಾಗ’ ಎಂದು ರಸ್ತೆಯಲ್ಲಿ ಹೂಕುಂಡ, ಸರಪಳಿ ಇಟ್ಟು ಕಾಯ್ದಿರಿಸುವ ಹಕ್ಕೂ ಯಾರಿಗೂ ಇಲ್ಲ. ಅಂಥ ಚೀಟಿ ಬಂದರೆ, ಯಾವ ಕಾನೂನಿನ ಯಾವ ಕಲಂನಡಿ ಎಂದು ಸಂಘವನ್ನು ಲಿಖಿತವಾಗಿ ಕೇಳಬೇಕು. ಚಕ್ರಕ್ಕೆ ಬೀಗ ಹಾಕಿದ್ದರೆ 112ಕ್ಕೆ ಕರೆ ಮಾಡಬೇಕು. ಬೀಗವನ್ನು ಸುತ್ತಿಗೆಯಿಂದ ಒಡೆಯಲು ಹೋಗಬಾರದು, ಗಾರ್ಡ್ ಮೇಲೆ ಕೂಗಾಡಬಾರದು. ಹೇಳಿದ್ದನ್ನು ಮಾಡಿದ ಆ ಬಡವನ ಕೆಲಸ ಹೋಗಬಾರದು.

ಗೋಡೆಯೊಳಗಿನ ಗೃಹ ಸಹಕಾರ ಸಂಘ, ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳ ವಿಷಯ ಬೇರೆ. ನೆಲ ಖಾಸಗಿ, ನಿರ್ವಹಣೆ ಸಂಘದ್ದು. ಅದರ ಬೈಲಾ ಸದಸ್ಯರನ್ನು ಕರಾರಿನಂತೆ ಕಟ್ಟುತ್ತದೆ. ಆದ್ದರಿಂದ ಸದಸ್ಯರಾದವರು ಮೊದಲು ಬೈಲಾದ ಪ್ರತಿ ಕೇಳಬೇಕು. ಪಾರ್ಕಿಂಗ್ ದಂಡ ಅದರಲ್ಲಿದೆಯೇ? ಸಾಮಾನ್ಯ ಸಭೆ ಅದನ್ನು ಒಪ್ಪಿದೆಯೇ, ಅಥವಾ ಕಾರ್ಯದರ್ಶಿಗಳು ಒಂದು ರಾತ್ರಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ಸಂದೇಶವಷ್ಟೇ ಇದೆಯೇ? ದಂಡ ಹಾಕುವ ಮುನ್ನ ವಿವರಣೆ ಕೇಳಿದರೇ? ಬಾಡಿಗೆಗಿರುವವರು ಸಂಘದ ಸದಸ್ಯರಲ್ಲ. ಅವರ ಮೇಲೆ ಹಕ್ಕು ಇದೆ ಎನ್ನುವ ಸಂಘ ಬಾಡಿಗೆ ಕರಾರನ್ನೂ ಮಾಲೀಕರನ್ನೂ ನೋಡಬೇಕಾಗುತ್ತದೆ. ಊರಿನಿಂದ ಮಗಳ ಮನೆಗೆ ಬಂದ ತಂದೆ ಯಾವ ಕರಾರಿಗೂ ಸಹಿ ಹಾಕಿದವರಲ್ಲ.

ಜಾಗ ಯಾರದೆಂಬ ಪ್ರಶ್ನೆ ಇಲ್ಲೂ ಬರುತ್ತದೆ. ಬಿಲ್ಡರ್ ‘ಈ ಬಯಲು ಜಾಗ ಇಂಥವರಿಗೆ ಮಾರಿದ್ದೇನೆ’ ಎಂದು ಹೇಳಿದ್ದನ್ನೇ ನಂಬಿ ಕಮಿಟಿ ದಂಡ ಹಾಕುವುದುಂಟು. 2010ರ ಆಗಸ್ಟ್‌ನಲ್ಲಿ ಮುಂಬೈಯ ಪಾಂಚಾಲಿ ಗೃಹ ಸಹಕಾರ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಯಲು ಮತ್ತು ಸ್ಟಿಲ್ಟ್ ಪಾರ್ಕಿಂಗನ್ನು ಬಿಲ್ಡರ್ ಫ್ಲ್ಯಾಟಿನಿಂದ ಬೇರ್ಪಡಿಸಿ ಮಾರುವಂತಿಲ್ಲ ಎಂದಿತು. ಅದು ಮಹಾರಾಷ್ಟ್ರದ ಕಾಯ್ದೆಯ ಮೇಲೆ ಬಂದ ತೀರ್ಪು. 2016ರ ರೇರಾ ಕಾಯ್ದೆ ಇಡೀ ದೇಶಕ್ಕೆ ಅನ್ವಯವಾಗುವಂತೆ ಬಯಲು ಪಾರ್ಕಿಂಗನ್ನು ಎಲ್ಲರಿಗೂ ಸೇರಿದ ಸಾಮಾನ್ಯ ಪ್ರದೇಶದಲ್ಲಿ ಸೇರಿಸಿತು.

ದಂಡದ ಮೊತ್ತವನ್ನೂ ಪ್ರಶ್ನಿಸಬಹುದು. 1872ರ ಕರಾರು ಕಾಯ್ದೆಯ 74ನೇ ಕಲಂ, ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ನ್ಯಾಯವಾದ ಪರಿಹಾರಕ್ಕಿಂತ ಹೆಚ್ಚು ಸಿಗದು ಎನ್ನುತ್ತದೆ. ದೆಹಲಿಯ ಭಿಕಾಜಿ ಕಾಮಾ ಪ್ಲೇಸ್‌ನ ನಿವೇಶನವೊಂದರ ಮುಂಗಡ ಹಣವನ್ನು ಮುಟ್ಟುಗೋಲು ಹಾಕಿಕೊಂಡ ದೆಹಲಿ ಅಭಿವೃದ್ಧಿ ಪ್ರಾಧಿಕಾರದ ವಿರುದ್ಧ 2015ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಲ್ಲಿ, ನಷ್ಟವೇ ಆಗಿರದಿದ್ದರೆ ಪರಿಹಾರ ಕೇಳುವಂತಿಲ್ಲ ಎಂಬ ಮಾತು ಸ್ಪಷ್ಟವಾಗಿದೆ. ಖಾಲಿ ಬಿದ್ದ ಅತಿಥಿಗಳ ಜಾಗದಲ್ಲಿ ಹತ್ತು ನಿಮಿಷ ನಿಂತ ಕಾರಿಗೆ ಸಾವಿರಾರು ರೂಪಾಯಿ ಕೇಳುವ ಕಮಿಟಿಗೆ ಈ ತೀರ್ಪನ್ನು ತೋರಿಸಬಹುದು.

ಗೇಟಿನಲ್ಲಿ ಬೋರ್ಡ್ ಹಾಕಿದ್ದೇವಲ್ಲ ಎಂಬುದು ಕಮಿಟಿಗಳ ಮಾಮೂಲಿ ಉತ್ತರ. ಬೋರ್ಡಿಗೂ ಮಿತಿಯಿದೆ. 1998ರ ಆಗಸ್ಟ್ 1ರ ರಾತ್ರಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಗ್ರಾಹಕರೊಬ್ಬರು ತಮ್ಮ ಮಾರುತಿ ಜೆನ್ ಕಾರಿನ ಕೀಲಿಯನ್ನು ಹೋಟೆಲಿನ ಸಿಬ್ಬಂದಿಗೆ ಕೊಟ್ಟರು. ಹೊರಬರುವಷ್ಟರಲ್ಲಿ ಕಾರನ್ನು ಬೇರೆ ಯಾರೋ ಓಡಿಸಿಕೊಂಡು ಹೋಗಿದ್ದರು. ಪಾರ್ಕಿಂಗ್ ಚೀಟಿಯಲ್ಲಿ ‘ಮಾಲೀಕರ ಹೊಣೆ’ ಎಂದು ಬರೆದಿದೆ ಎಂಬುದು ಹೋಟೆಲಿನ ವಾದ. 2019ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಆ ಪೀಠದಲ್ಲಿದ್ದವರು ನ್ಯಾಯಮೂರ್ತಿ ಅಜಯ್ ರಸ್ತೋಗಿ ಮತ್ತು ಹಾವೇರಿ ಜಿಲ್ಲೆಯ ಚಿಕ್ಕೇರೂರಿನವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ಚೀಟಿಯಲ್ಲಿ ಒಂದು ಸಾಲು ಅಚ್ಚು ಹಾಕಿಸಿದ ಮಾತ್ರಕ್ಕೆ ತನ್ನ ಅಲಕ್ಷ್ಯದ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು ಎಂಬುದು ಆ ತೀರ್ಪಿನ ಸಾರ.

ಇಂಗ್ಲೆಂಡಿನಲ್ಲಿ ಇಂಥ ಖಾಸಗಿ ಪಾರ್ಕಿಂಗ್ ಚೀಟಿಗಳ ಮೇಲೆ ಬಹಳ ವ್ಯಾಜ್ಯ ನಡೆದಿದೆ. ಖಾಸಗಿ ನೆಲದಲ್ಲಿ ಚಕ್ರಕ್ಕೆ ಬೀಗ ಹಾಕುವುದನ್ನೇ ಅಲ್ಲಿ 2012ರ ಅಕ್ಟೋಬರ್ 1ರಿಂದ ನಿಷೇಧಿಸಿದರು. ಜತೆಗೆ ಪಾರ್ಕಿಂಗ್ ಕಂಪನಿಯ ಹೊರಗಿನವರೇ ಮನವಿ ಕೇಳುವ ಏರ್ಪಾಡು ಮಾಡಿದರು. 2016ರಲ್ಲಿ ಆಕ್ಸ್‌ಫರ್ಡ್‌ನ ಕೌಂಟಿ ನ್ಯಾಯಾಲಯ ಒಂದು ವಸತಿ ಸಮುಚ್ಚಯದ ಪ್ರಕರಣ ಕೇಳಿತು. ಅಲ್ಲಿನ ನಿವಾಸಿ ಮಹಿಳೆಯೊಬ್ಬರು ಭಾರದ ಮೇಜೊಂದನ್ನು ಮನೆಯೊಳಗೆ ಸಾಗಿಸಲು ಬಾಗಿಲ ಬಳಿ ಕಾರು ನಿಲ್ಲಿಸಿದ್ದರು. ಪಾರ್ಕಿಂಗ್ ಕಂಪನಿ ದಂಡ ಹಾಕಿತ್ತು. ಸಾಮಾನು ಇಳಿಸಲು ಕ್ಷಣಹೊತ್ತು ನಿಲ್ಲುವುದು ಪಾರ್ಕಿಂಗ್ ಅಲ್ಲ, ಮನೆಯ ಕರಾರಿನಲ್ಲಿ ಸಿಕ್ಕ ಓಡಾಟದ ಹಕ್ಕನ್ನು ಕಂಪನಿಯ ಬೋರ್ಡ್ ಕಿತ್ತುಕೊಳ್ಳಲಾರದು ಎಂದು ನ್ಯಾಯಾಧೀಶರು ಅವರ ಪರ ತೀರ್ಪಿತ್ತರು. ಗ್ಯಾಸ್ ಸಿಲಿಂಡರ್ ಇಳಿಸುವುದು, ಮಂಡಿನೋವಿನ ಅಜ್ಜಿಯನ್ನು ಲಿಫ್ಟ್‌ವರೆಗೆ ಕರೆದೊಯ್ಯುವುದು ನೊಯ್ಡಾದಲ್ಲೂ ನಡೆಯುವಂಥವೇ. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟುವುದಿಲ್ಲ, ಆದರೆ ಅದರ ತರ್ಕ ಎಲ್ಲಿಯೂ ಹೇಳಬಹುದಾದದ್ದು. ಎಲ್ಲ ಮನವಿಯೂ ಅಲ್ಲಿ ಗೆಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ಚೆಮ್ಸ್‌ಫರ್ಡ್‌ನ ಅಂಗಡಿ ಸಂಕೀರ್ಣವೊಂದರಲ್ಲಿ ಎರಡು ಗಂಟೆಯ ಉಚಿತ ಅವಧಿ ಮೀರಿ 56 ನಿಮಿಷ ಕಾರು ಬಿಟ್ಟವರು 85 ಪೌಂಡ್ ದಂಡದ ವಿರುದ್ಧ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2015ರಲ್ಲಿ ಸೋತರು.

ಮನವಿ ಪತ್ರ ಚಿಕ್ಕದಿದ್ದಷ್ಟೂ ಒಳ್ಳೆಯದು. ದಿನ, ಸಮಯ, ಕಾರು ನಿಂತ ಜಾಗ, ಅಲ್ಲಿ ನಿಲ್ಲಿಸಬೇಕಾದ ಕಾರಣ, ಒಪ್ಪದಿರುವ ಆಧಾರ, ಬೇಕಾದ ಪರಿಹಾರ. ಜತೆಗೆ ನಾಲ್ಕೂ ಕಡೆಯಿಂದ ತೆಗೆದ ಚಿತ್ರ, ಗೇಟಿನ ನೋಂದಣಿ ಪುಸ್ತಕದ ನಕಲು. ಸಿಸಿಟಿವಿ ದೃಶ್ಯ ಅಳಿಸಿಹೋಗುವ ಮುನ್ನ ಉಳಿಸಿಡುವಂತೆ ಅಂದೇ ಕೋರಬೇಕು. ದುಡ್ಡು ಕೊಡದೆ ಕಾರು ಬಿಡುವುದಿಲ್ಲವೆಂದರೆ, ರಸೀದಿಯ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಬರೆಸಿ ಕೊಟ್ಟು, ಆಮೇಲೆ ಮರಳಿ ಕೇಳಬೇಕು. ಕಮಿಟಿ ಉತ್ತರಿಸದಿದ್ದರೆ ಮುಂದಿನ ಬಾಗಿಲು ರಾಜ್ಯಕ್ಕೊಂದು. ದೆಹಲಿಯ ಗೃಹ ಸಹಕಾರ ಸಂಘವಾದರೆ 2003ರ ದೆಹಲಿ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಂ ಪ್ರಕಾರ ವಿವಾದವನ್ನು ರಿಜಿಸ್ಟ್ರಾರ್ ಅವರಿಗೆ ಒಯ್ಯಬೇಕು, ಅವರ ಕಚೇರಿ ಸಂಸತ್ ಮಾರ್ಗದಲ್ಲಿದೆ. ನೊಯ್ಡಾ, ಗಾಜಿಯಾಬಾದ್‌ನ ಅಪಾರ್ಟ್‌ಮೆಂಟ್ ಸಂಘವಾದರೆ 2010ರ ಉತ್ತರ ಪ್ರದೇಶ ಅಪಾರ್ಟ್‌ಮೆಂಟ್ ಕಾಯ್ದೆ ಇದೆ, ಸಂಘಗಳ ಡೆಪ್ಯುಟಿ ರಿಜಿಸ್ಟ್ರಾರ್ ಇದ್ದಾರೆ. ಗುರುಗ್ರಾಮ, ಫರೀದಾಬಾದ್‌ನಲ್ಲಿ 2012ರ ಹರಿಯಾಣ ಸಂಘಗಳ ಕಾಯ್ದೆಯಡಿ ಜಿಲ್ಲಾ ರಿಜಿಸ್ಟ್ರಾರ್. ವಿವಾದದಲ್ಲಿರುವ ದಂಡಕ್ಕಾಗಿ ನೀರು ನಿಲ್ಲಿಸುವುದು, ಲಿಫ್ಟಿನ ಕಾರ್ಡ್ ರದ್ದು ಮಾಡುವುದು ವಸೂಲಿಯ ದಾರಿಯಲ್ಲ. ಹಾಗೆ ಮಾಡಿದರೆ ಅದೇ ಒಂದು ಹೊಸ ದೂರಾಗುತ್ತದೆ.

ಕಟ್ಟಲೇಬೇಕಾದ ದಂಡಗಳೂ ಇವೆ. ಎತ್ತರದ ಕಟ್ಟಡದ ಸುತ್ತ ಅಗ್ನಿಶಾಮಕ ವಾಹನಕ್ಕೆಂದು ಕನಿಷ್ಠ 6 ಮೀಟರ್ ದಾರಿ ಬಿಡುವುದು ಸುಮ್ಮನೆ ಅಲ್ಲ. ಅಲ್ಲಿ ಕಾರು ಬಿಟ್ಟವರು, ಆಂಬುಲೆನ್ಸ್ ತಿರುಗುವ ಜಾಗ ಮುಚ್ಚಿದವರು, ಗಾಲಿಕುರ್ಚಿಯ ಇಳಿಜಾರಿಗೆ ಅಡ್ಡ ನಿಲ್ಲಿಸಿದವರು ಮನವಿ ಬರೆಯುವ ಬದಲು ದಂಡ ಕಟ್ಟಿ ಕಾರು ತೆಗೆಯುವುದೇ ಸರಿ. ಸಂಘಗಳು ಇಂಥ ಜಾಗಗಳಲ್ಲಿ ಬಿಗಿಯಾಗಿರಲಿ.

ಸೊಸೈಟಿಯ ಕಮಿಟಿಯಲ್ಲಿರುವ ಕನ್ನಡಿಗರು ಈ ಭಾಗದಲ್ಲಿ ಅನೇಕರಿದ್ದಾರೆ. ಅವರಲ್ಲಿ ಒಂದು ಕೋರಿಕೆ: ಮುಂದಿನ ಸಾಮಾನ್ಯ ಸಭೆಯಲ್ಲಿ ಎರಡು ನಿರ್ಣಯ ಮಂಡಿಸಿ. ದಂಡದ ಚೀಟಿಯ ಹಿಂಬದಿಯಲ್ಲಿ ಬೈಲಾದ ಯಾವ ನಿಯಮ ಮುರಿದಿದೆ, ಮನವಿ ಯಾರಿಗೆ, ಎಷ್ಟು ದಿನದೊಳಗೆ ಕೊಡಬೇಕು ಎಂದು ಅಚ್ಚು ಹಾಕಿಸಿ. ಆ ಮನವಿ ಕೇಳಲು ದಂಡ ಹಾಕಿದವರನ್ನು ಬಿಟ್ಟು ಬೇರೆ ಮೂವರು ನಿವಾಸಿಗಳನ್ನು ನೇಮಿಸಿ, ಅವರಲ್ಲಿ ಒಬ್ಬರಾದರೂ ಬಾಡಿಗೆದಾರರಿರಲಿ. ಈಗಾಗಲೇ ಚೀಟಿ ಕೈಯಲ್ಲಿರುವವರು ಬೈಲಾದ ಪ್ರತಿಯನ್ನು ಇಂದೇ ಬರೆದು ಕೇಳಿ, ಕೊಟ್ಟ ಪತ್ರಕ್ಕೆ ಸ್ವೀಕೃತಿ ಪಡೆಯಿರಿ.